ಕೆಮ್ಮಿನ ಬಾಟಲಿ ಕೊಟ್ಟು ವಾಪಸ್ ಕಳಿಸಿದ ಚರಿತ್ರೆ

ಯಾದಗಿರಿ, ಶಹಾಪುರ, ಸುರಪುರ ಅಂದ ಕೂಡಲೇ ನಮ್ಮ ಟಿವಿಯವರಿಗೆ ನೆನಪಾಗೋದು ಬಿಸಿಲು, ಗುಳೆ, ಕೃಷ್ಣೆಯ ಪ್ರವಾಹ. ಇವತ್ತು ಆ ಊರುಗಳ ಕೆಮ್ಮಿನ ಬಗ್ಗೆ ಮಾತಾಡೋಣ. ಕೆಮ್ಮಿಗೂ ಒಂದು ಚರಿತ್ರೆ ಇರುತ್ತಾ? ಇದೆ ಸ್ವಾಮಿ. ರೋಗಿ ಆಸ್ಪತ್ರೆ ಬಾಗಿಲಿಗೆ ಬಂದ ಮೇಲೂ ರೋಗ ಪತ್ತೆಯಾಗದೆ ಹೋದ ಚರಿತ್ರೆ ಅದು.

1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಕಂಡುಹಿಡಿದಿರುವುದಾಗಿ ಪ್ರಕಟಿಸಿದರು. ರೋಗಾಣು ಸಿಕ್ತು, ಔಷಧಿ ಸಿಗಲಿಲ್ಲ. ಮುಂದಿನ ಅರವತ್ತು ವರ್ಷ ಚಿಕಿತ್ಸೆ ಅಂದ್ರೆ ಒಳ್ಳೆ ಗಾಳಿ, ಒಳ್ಳೆ ಊಟ, ವಿಶ್ರಾಂತಿ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಲ್ಲಿ 1921ರಲ್ಲಿ ಸ್ಯಾನಿಟೋರಿಯಂ ಶುರುವಾಯಿತು. ಕ್ಷಯ ಅರಮನೆಯನ್ನೂ ಬಿಟ್ಟಿರಲಿಲ್ಲ ನೋಡಿ.

ಆದ್ರೆ ಅದು ಮೈಸೂರು ಸಂಸ್ಥಾನದ ಮಾತು. ನಾವು ಹೇಳ್ತಿರೋ ಮೂರೂ ಊರು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿನವರಿಗೆ ದೊಡ್ಡಾಸ್ಪತ್ರೆ ಅಂದ್ರೆ ರಾಜಧಾನಿಯ ದಿಕ್ಕು. ಯಾದಗಿರಿಯಲ್ಲಿ ರೈಲು ಹತ್ತಬೇಕು, ವಾಡಿಯಲ್ಲಿ ಗಾಡಿ ಬದಲಿಸಬೇಕು. ಶಹಾಪುರ, ಸುರಪುರದವರು ಮೊದಲು ಸ್ಟೇಷನ್ ಮುಟ್ಟಬೇಕು. ಆ ಹಳಿಯ ಮೇಲೆಯೇ ಇರುವ ವಿಕಾರಾಬಾದ್ ಪಕ್ಕ ಅನಂತಗಿರಿ ಗುಡ್ಡದಲ್ಲಿ ಕ್ಷಯದ ಆಸ್ಪತ್ರೆ ಬಂತು. ಆದ್ರೆ ಕೂಲಿ ಬಿಟ್ಟು ತಿಂಗಳುಗಟ್ಟಲೆ ಗುಡ್ಡದ ಮೇಲೆ ಮಲಗೋಕೆ ಬಡವನಿಂದ ಆಗುತ್ತಾ?

ಉಬ್ಬಸದವರೂ ಹಿಡಿದದ್ದು ಹೈದರಾಬಾದ್ ದಾರಿಯನ್ನೇ. ಪ್ರತಿ ಜೂನ್‌ನಲ್ಲಿ ಮೃಗಶಿರಾ ಮಳೆ ಕೂಡುವ ದಿನ ಅಲ್ಲಿ ಬತ್ತಿನಿ ಮನೆತನದವರು ಜೀವಂತ ಮೀನಿನ ಬಾಯಿಗೆ ಔಷಧಿ ಇಟ್ಟು ನುಂಗಿಸುತ್ತಾರೆ. 1845ರಿಂದ ಇದು ನಡೆದಿದೆ ಅಂತ ಆ ಮನೆತನ ಹೇಳುತ್ತೆ. ಅದರಿಂದ ಉಬ್ಬಸ ವಾಸಿಯಾಗುತ್ತೆ ಅನ್ನೋದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ. ಆದ್ರೆ ಆ ಸಾಲನ್ನು ನೋಡಿ ನಗೋರು ಒಂದು ಯೋಚನೆ ಮಾಡಲಿ. ಉಸಿರಿಗಾಗಿ ಅಷ್ಟು ದೂರ ಹೋಗಿ ಸಾಲಲ್ಲಿ ನಿಲ್ಲೋ ಜನರನ್ನು ‘ಕಾಳಜಿ ಇಲ್ಲದವರು’ ಅನ್ನೋಕಾಗುತ್ತಾ?

ಕಥೆ ತಿರುಗಿದ್ದು 1950ರ ದಶಕದಲ್ಲಿ. ಕ್ಷಯಕ್ಕೆ ಔಷಧಿ ಬಂದಾಗಿತ್ತು. 1956ರಲ್ಲಿ ಮದ್ರಾಸಿನಲ್ಲಿ ಒಂದು ಪರೀಕ್ಷೆ ಶುರುವಾಯಿತು: ಅರ್ಧ ಜನ ರೋಗಿಗಳಿಗೆ ಸ್ಯಾನಿಟೋರಿಯಂ, ಉಳಿದವರಿಗೆ ಅವರ ಇಕ್ಕಟ್ಟಿನ ಮನೆಯಲ್ಲೇ ಮಾತ್ರೆ. ಫಲಿತಾಂಶ ಹೆಚ್ಚುಕಮ್ಮಿ ಒಂದೇ! ಬೆಟ್ಟದ ಗಾಳಿ ಬೇಕಿಲ್ಲ, ಮಾತ್ರೆ ತಪ್ಪದಿದ್ದರೆ ಸಾಕು ಅಂತ ಜಗತ್ತಿಗೆ ಗೊತ್ತಾಯಿತು.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಹಳ್ಳಿಯವರಿಗೆ ತಿಳುವಳಿಕೆ ಇಲ್ಲ, ಅದಕ್ಕೇ ಆಸ್ಪತ್ರೆಗೆ ಬರಲ್ಲ ಅನ್ನೋದು ಆಗಿನ ಸಾಮಾನ್ಯ ನಂಬಿಕೆ. ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಕ್ಷಯರೋಗಿಗಳನ್ನೇ ಮಾತಾಡಿಸಿದರು. 1963ರಲ್ಲಿ ಅವರ ವರದಿ ಪ್ರಕಟವಾಯಿತು. ಅದರಲ್ಲಿ ಕಂಡದ್ದೇನು ಗೊತ್ತಾ? ಅರ್ಧಕ್ಕಿಂತ ಹೆಚ್ಚು ರೋಗಿಗಳು ಆಗಲೇ ಡಾಕ್ಟರ ಬಳಿ ಹೋಗಿ ಬಂದಿದ್ದರು. ಅವರಿಗೆ ಸಿಕ್ಕಿದ್ದು ಬಹುತೇಕ ಕೆಮ್ಮಿನ ಔಷಧಿಯ ಬಾಟಲಿ. ಕಫದ ಪರೀಕ್ಷೆ ಆಗಲಿಲ್ಲ. ಅಂದ್ರೆ ರೋಗಿ ಬಂದಿದ್ದ, ವ್ಯವಸ್ಥೆ ಅವನನ್ನು ವಾಪಸ್ ಕಳಿಸಿತ್ತು!

ಈಗ ನಮ್ಮ ಮೂರು ಊರಿಗೆ ಬನ್ನಿ. 1956ರ ನವೆಂಬರ್ 1ರಂದು ಅವು ನಮ್ಮ ರಾಜ್ಯಕ್ಕೆ ಸೇರಿದವು. ಸ್ವಂತ ಜಿಲ್ಲೆ ಆಗೋದಕ್ಕೆ 2010 ಬರಬೇಕಾಯ್ತು. ಯಾದಗಿರಿಗೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದದ್ದು ಇನ್ನೂ ಈಚೆಗೆ. ಅಲ್ಲಿವರೆಗೆ ದೊಡ್ಡ ತಪಾಸಣೆ ಅಂದ್ರೆ ಕಲಬುರಗಿ ಇಲ್ಲಾ ರಾಯಚೂರು ಬಸ್ಸು.

ಇವತ್ತು ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಉಚಿತ. ಕ್ಷಯ ಅಂತಾದ್ರೆ ಸಾಮಾನ್ಯವಾಗಿ ಆರು ತಿಂಗಳ ಮಾತ್ರೆ, ಅದೂ ಉಚಿತ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇದ್ದ ಪೌಷ್ಟಿಕಾಂಶದ ಹಣ 2024ರ ನವೆಂಬರ್‌ನಿಂದ 1,000 ಆಗಿದೆ. ಹಾಗಿದ್ರೆ ತೊಂದರೆ ಎಲ್ಲಿ? ಗುಳೆಯಲ್ಲಿ. ಎರಡು ತಿಂಗಳಿಗೆ ಕೆಮ್ಮು ಇಳಿಯುತ್ತೆ, ಮೈಗೆ ಬಲ ಬರುತ್ತೆ, ಮನುಷ್ಯ ಬೆಂಗಳೂರು, ಪುಣೆ ಬಸ್ಸು ಹತ್ತಿಬಿಡ್ತಾನೆ. ಮಾತ್ರೆ ನಿಲ್ಲುತ್ತೆ. ಮತ್ತೆ ಬರುವ ಕ್ಷಯ ಮದ್ದಿಗೆ ಬಗ್ಗದ ಕ್ಷಯ ಆಗಿರಬಹುದು. ಹೋಗುವ ಮುಂಚೆ ಆಸ್ಪತ್ರೆಗೆ ತಿಳಿಸಿದರೆ ಹೆಸರು, ಚಿಕಿತ್ಸೆ ಎರಡೂ ಆ ಊರಿಗೆ ವರ್ಗವಾಗುತ್ತೆ. ಇದನ್ನು ಎಷ್ಟು ಜನಕ್ಕೆ ಹೇಳಿದ್ದೀವಿ?

ಇನ್ನೊಂದು ಮಾತು. ಎಲ್ಲ ಕೆಮ್ಮೂ ಕ್ಷಯ ಅಲ್ಲ. ಒಲೆಯ ಹೊಗೆ ಕುಡಿದ ತಾಯಂದಿರು, ಹತ್ತಿ ಜಿನ್ನಿಂಗ್ ಮಿಲ್ಲಿನ ದೂಳು, ಕಲ್ಲು ಕ್ರಷರಿನ ದೂಳು ನುಂಗಿದವರು ಬೀಡಿ ಮುಟ್ಟದೆಯೂ ಏದುಸಿರು ಬಿಡುತ್ತಾರೆ. ಅವರಿಗೆ ಬೇಕಿರೋದು ಊದಿ ನೋಡುವ ಶ್ವಾಸ ಪರೀಕ್ಷೆ, ದೂಳು-ಹೊಗೆಯಿಂದ ಬಿಡುಗಡೆ, ವೈದ್ಯರು ಹೇಳಿದರೆ ಇನ್ಹೇಲರ್. ಇನ್ಹೇಲರ್ ಚಟ ಆಗುತ್ತೆ ಅನ್ನೋದು ಸುಳ್ಳು. ಸ್ವಲ್ಪವೇ ಮದ್ದು ನೇರ ಎದೆಗೆ ಹೋಗುತ್ತೆ, ಅಷ್ಟೇ.

2025ರೊಳಗೆ ಕ್ಷಯಮುಕ್ತ ಭಾರತ ಅಂತ ಘೋಷಣೆ ಕೇಳಿದ್ವಿ. ವರ್ಷ ಮುಗೀತು, ಕ್ಷಯ ಮುಗೀಲಿಲ್ಲ. ನಾಳೆ ಸುರಪುರದ ಯಾವುದೋ ಹಳ್ಳಿಯ ಹೆಣ್ಣುಮಗಳು ಕೆಮ್ಮುತ್ತಾ ಆಸ್ಪತ್ರೆ ಮೆಟ್ಟಿಲು ಹತ್ತಿದರೆ, ಎಷ್ಟು ದಿನದಿಂದ ಅಂತ ಕೇಳಿ. ಎರಡು ವಾರ ಅಂದರೆ ಮೊದಲು ಕಫದ ಡಬ್ಬಿ ಕೊಡಿ.