ಗಾಡಿಯೊಳಗಿನ ಲಾಕಪ್ಪು

ಲಾಕಪ್ ಅಂದರೆ ನಮಗೆಲ್ಲ ಮೊದಲು ನೆನಪಾಗುವುದು ಪೊಲೀಸ್ ಠಾಣೆ. ಗಾಬರಿ ಬೇಡ, ಈ ಬರಹ ಆ ಲಾಕಪ್ಪಿನದಲ್ಲ. ಆಟೋಮ್ಯಾಟಿಕ್ ಗೇರಿನ ಗಾಡಿಗಳ ಹೊಟ್ಟೆಯಲ್ಲಿ ಟಾರ್ಕ್ ಕನ್ವರ್ಟರ್ ಅಂತ ಒಂದು ಸಾಮಾನು ಇರುತ್ತದಲ್ಲ, ಅದಕ್ಕೂ ಒಂದು ಲಾಕಪ್ ಉಂಟು. ಅದನ್ನು ಹಾಕಿ ತೆಗೆಯುವುದು ಗಾಡಿಯ ಕೆಲಸವೋ, ಓಡಿಸುವವನ ಕೆಲಸವೋ ಎನ್ನುವ ಜಗ್ಗಾಟಕ್ಕೆ ತೊಂಬತ್ತು ವರ್ಷ ದಾಟಿತು. ಅದರ ಒಂದು ಅಧ್ಯಾಯ ನಡೆದದ್ದು ನಮ್ಮ ಕೊಂಢವಾದ ಮಗ್ಗುಲಲ್ಲೇ ಇರುವ ಹಡಪಸರದಲ್ಲಿ. ಇಲ್ಲಿ ಇಪ್ಪತ್ತು, ಮೂವತ್ತು ವರ್ಷ ಬಾಳಿದ ನಮ್ಮ ಕನ್ನಡದ ಮಂದಿಗೂ ಇದು ಗೊತ್ತಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಬಿ.ಕಾಂ. ಓದಿ ಬ್ಯಾಂಕಿಗೆ ಸೇರಿದವನು. ಕೊಂಢವಾಕ್ಕೆ ಮೊದಲು ಕಾಲಿಟ್ಟದ್ದೇ ಎನ್‌ಐಬಿಎಂನಲ್ಲಿ ಟ್ರೇನಿಂಗ್ ಅಂತ. ಯಂತ್ರದ ವಿಷಯ ನನ್ನಂಥವನಿಗೆ ಅರ್ಥವಾಗಬೇಕಾದರೆ ಲೆಕ್ಕದ ಭಾಷೆಯಲ್ಲೇ ಹೇಳಬೇಕು. ಹಾಗೇ ಹೇಳುತ್ತೇನೆ, ಇಂಜಿನಿಯರ್ ಓದುಗರು ಸ್ವಲ್ಪ ಸಹಿಸಿಕೊಳ್ಳಿ.

ಮಾಮೂಲಿ ಗಾಡಿಯಲ್ಲಿ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಇರುತ್ತದೆ. ಆಟೋಮ್ಯಾಟಿಕ್ಕಿನಲ್ಲಿ ಆ ಜಾಗದಲ್ಲಿ ಎಣ್ಣೆ ತುಂಬಿದ ಒಂದು ದುಂಡನೆಯ ಡಬ್ಬಿ. ಒಳಗೆ ಎದುರು ಬದುರಾಗಿ ಎರಡು ಫ್ಯಾನು ಇವೆ ಅಂದುಕೊಳ್ಳಿ. ಇಂಜಿನ್ ಒಂದನ್ನು ತಿರುಗಿಸುತ್ತದೆ, ಅದು ಎಣ್ಣೆಯನ್ನು ಎರಡನೆಯದರ ಮೇಲೆ ಎರಚುತ್ತದೆ, ಎರಡನೆಯದು ಗೇರ್‌ಬಾಕ್ಸನ್ನು ತಿರುಗಿಸುತ್ತದೆ. ಕಬ್ಬಿಣಕ್ಕೆ ಕಬ್ಬಿಣ ಎಲ್ಲೂ ತಾಗುವುದಿಲ್ಲ. ಎರಡರ ನಡುವೆ ಇನ್ನೊಂದು ಚಿಕ್ಕ ಚಕ್ರ ಇದೆ, ಹೆಸರು ಸ್ಟೇಟರ್. ವಾಪಸು ಬರುವ ಎಣ್ಣೆಯ ದಿಕ್ಕನ್ನು ಅದು ತಿರುಗಿಸಿ ಕಳಿಸುತ್ತದೆ. ಅದರಿಂದಾಗಿ ಗಾಡಿ ನಿಂತಲ್ಲಿಂದ ಹೊರಡುವಾಗ ಇಂಜಿನ್ ಕೊಟ್ಟ ತಿರುಗು ಬಲ ಹೆಚ್ಚು ಕಡಿಮೆ ಎರಡು ಪಟ್ಟಾಗಿ ಚಕ್ರದ ಕಡೆ ಹೋಗುತ್ತದೆ.

ಪುಕ್ಕಟೆ ಯಾರೂ ಕೊಡುವುದಿಲ್ಲ ನೋಡಿ. ಇದು ಓವರ್‌ಡ್ರಾಫ್ಟ್ ಇದ್ದ ಹಾಗೆ. ಅಂಗಡಿ ಶುರು ಮಾಡುವಾಗ ಓಡಿ ಬೇಕೇ ಬೇಕು. ವ್ಯಾಪಾರ ಕುದುರಿದ ಮೇಲೂ ಅದರಲ್ಲೇ ನಡೆಸಿದರೆ ಬಡ್ಡಿ ತಿನ್ನುತ್ತದೆ. ಗಾಡಿ ಓಟ ಹಿಡಿದ ಮೇಲೂ ಎರಡನೇ ಫ್ಯಾನು ಮೊದಲನೆಯದಕ್ಕಿಂತ ಒಂದಿಷ್ಟು ಹಿಂದೆಯೇ ಉಳಿಯುತ್ತದೆ. ಇದಕ್ಕೆ ಸ್ಲಿಪ್ ಅಂತಾರೆ. ಆ ವ್ಯತ್ಯಾಸವೆಲ್ಲ ಎಣ್ಣೆಯಲ್ಲಿ ಬಿಸಿಯಾಗಿ ಹೋಗುತ್ತದೆ, ಅಂದರೆ ನಿಮ್ಮ ಡೀಸೆಲ್ಲೇ ಬಿಸಿಯಾಗಿ ಹೋಗುತ್ತದೆ. ಲಾಕಪ್ ಅಂದರೆ ಓಟ ಹಿಡಿದ ಮೇಲೆ ಆ ಎರಡೂ ಕಡೆಯನ್ನು ಒಂದು ತಟ್ಟೆಯಿಂದ ಒತ್ತಿ ಹಿಡಿದು ಒಂದೇ ಮಾಡುವುದು. ಸ್ಲಿಪ್ ಸೊನ್ನೆ, ಓಡಿ ಖಾತೆ ಕ್ಲೋಸ್!

ಇದೆಲ್ಲ ಶುರುವಾದದ್ದು ಕಾರಿನಲ್ಲಿ ಅಲ್ಲ, ಹಡಗಿನಲ್ಲಿ. ಜರ್ಮನಿಯ ಹೆರ್ಮನ್ ಫೋಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ತೆಗೆದುಕೊಂಡ. ಹಡಗಿನ ಸ್ಟೀಮ್ ಟರ್ಬೈನು ವಿಪರೀತ ಜೋರಾಗಿ ತಿರುಗುತ್ತಿತ್ತು, ಪ್ರೊಪೆಲ್ಲರ್ ನಿಧಾನಕ್ಕೆ ತಿರುಗಬೇಕಿತ್ತು, ನಡುವೆ ಹಾಕಲು ಗಟ್ಟಿಯಾದ ಹಲ್ಲಿನ ಗೇರು ಆಗ ಸಿಗುತ್ತಿರಲಿಲ್ಲ. ಮುಂದೆ ಒಳ್ಳೆಯ ಗೇರು ಬಂದ ಮೇಲೆ ಹಡಗಿನವರು ಇದನ್ನು ಬಿಟ್ಟರು, ರಸ್ತೆಯವರು ಎತ್ತಿಕೊಂಡರು. ಲಂಡನ್ ಬಸ್ಸುಗಳ ಜರ್ಕು ಕಂಡು ಬೇಸತ್ತ ಹೆರಾಲ್ಡ್ ಸಿಂಕ್ಲೇರ್ ಎಂಬಾತ ಎಣ್ಣೆಯ ಕಪ್ಲಿಂಗನ್ನು ಗಾಡಿಗೆ ಒಗ್ಗಿಸಿದ, 1930ರಲ್ಲಿ ಡೈಮ್ಲರ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು.

ನನಗೆ ಎಲ್ಲಕ್ಕಿಂತ ಸ್ವಾರಸ್ಯ ಅನ್ನಿಸಿದ್ದು ಅದರ ಮುಂದಿನ ಕತೆ. 1933ರಿಂದ ಇಂಗ್ಲೆಂಡಿನ ಲೇಲ್ಯಾಂಡ್ ಕಂಪನಿ (ಹೌದು, ನಮ್ಮ ಅಶೋಕ್ ಲೇಲ್ಯಾಂಡ್ ಹೆಸರಿನ ಮೂಲ) ಸ್ವೀಡನ್ನಿನ ಲೈಶೋಲ್ಮ್ ಎಂಬ ಇಂಜಿನಿಯರನ ಹೆಸರಿನ ಟಾರ್ಕ್ ಕನ್ವರ್ಟರ್ ಹಾಕಿ ಬಸ್ಸು ಮಾಡಿತು. ‘ಗೇರ್‌ಲೆಸ್ ಬಸ್’ ಅಂತ ಮುಂದೆ ರೇಡಿಯೇಟರಿನ ಮೇಲೇ ಬರೆದಿರುತ್ತಿದ್ದರು. ಅದರಲ್ಲಿ ಡ್ರೈವರನ ಕೈಗೆ ಒಂದು ಲಿವರ್. ಹೊರಡುವಾಗ ‘ಕನ್ವರ್ಟರ್’ಗೆ ಹಾಕಬೇಕು, ಬಸ್ಸು ಓಟ ಹಿಡಿದಾಗ ಕೈಯಿಂದಲೇ ‘ಡೈರೆಕ್ಟ್’ಗೆ ತಳ್ಳಬೇಕು. ತಳ್ಳಿದರೆ ಎಣ್ಣೆಯ ದಾರಿ ಬಿಟ್ಟು ಇಂಜಿನ್ನಿನ ಬಲ ನೇರವಾಗಿ ಹೋಗುತ್ತದೆ. ಇವತ್ತು ಹಳೇ ಆಟೋಮ್ಯಾಟಿಕ್ ಗಾಡಿಗೆ ಹವ್ಯಾಸಿಗಳು ಹಾಕಿಸಿಕೊಳ್ಳುವ ಸ್ವಿಚ್ ಇದೆಯಲ್ಲ, ಅದರ ಮುತ್ತಜ್ಜ ಈ ಲಿವರ್ರು. ಆದರೆ ಡ್ರೈವರ್ ತಳ್ಳುವುದು ತಡಮಾಡಿದರೆ ಇಂಧನ ಹೆಚ್ಚು ಸುಡುತ್ತಿತ್ತು, ಏರು ರಸ್ತೆಯಲ್ಲಿ ಕನ್ವರ್ಟರ್ ಕಾಯುತ್ತಿತ್ತು. ಬಸ್ ಕಂಪನಿಗಳು ಲೆಕ್ಕ ಹಾಕಿ ಮೆಲ್ಲಗೆ ಮಾಮೂಲಿ ಗೇರಿಗೇ ಮರಳಿದವು.

ಡ್ರೈವರನ ಕೈ ನಂಬಬೇಡ, ಯಂತ್ರವೇ ಹಾಕಿಕೊಳ್ಳಲಿ ಅಂತ ಮೊದಲು ಕಾರಿನಲ್ಲಿ ಮಾಡಿ ತೋರಿಸಿದ್ದು ಅಮೆರಿಕದ ಪ್ಯಾಕಾರ್ಡ್, 1949ರಲ್ಲಿ. ಅಲ್ಟ್ರಾಮ್ಯಾಟಿಕ್ ಅಂತ ಹೆಸರು. ಮರುವರ್ಷ ಸ್ಟುಡಬೇಕರ್ ಕೂಡ ಬಂತು. ಎರಡೂ ಬಾಳಲಿಲ್ಲ. ಪೆಟ್ರೋಲು ನೀರಿನ ಬೆಲೆಗೆ ಸಿಗುವ ದೇಶದಲ್ಲಿ ಮೂರು ನಾಲ್ಕು ಪರ್ಸೆಂಟ್ ಉಳಿಸುವುದಕ್ಕೆ ಒಂದು ಹೆಚ್ಚಿನ ಕ್ಲಚ್ಚಿನ ಖರ್ಚು ಯಾರಿಗೆ ಬೇಕು? 1956ರ ಹೊತ್ತಿಗೆ ಎರಡೂ ಕತೆ ಮುಗಿದಿತ್ತು. ಅಮೆರಿಕದವರು ಮುಂದಿನ ಇಪ್ಪತ್ತು ವರ್ಷ ಆರಾಮಾಗಿ ಎಣ್ಣೆ ಕಾಯಿಸುತ್ತಾ ಓಡಾಡಿದರು.

ಅದೇ ಕಾಲದಲ್ಲಿ, ಹನಿ ಹನಿ ಡೀಸೆಲ್ಲಿಗೂ ಡಾಲರ್ ಎಣಿಸುತ್ತಿದ್ದ ನಮ್ಮ ದೇಶದಲ್ಲಿ ಒಬ್ಬರು ಇದೇ ಸಮಸ್ಯೆಗೆ ಕೈಹಾಕಿದರು. ಹೆಸರು ಮನಮೋಹನ್ ಸೂರಿ. ಎಂ.ಎಂ. ಸೂರಿ ಅಂದರೆ ಹಳೇ ರೈಲ್ವೆ ಮಂದಿಗೆ ಗೊತ್ತು. ಉಗಿಬಂಡಿ ಹೋಗಿ ಡೀಸೆಲ್ ಬಂಡಿ ಬರುತ್ತಿದ್ದ ಕಾಲ. ಡೀಸೆಲ್ ಇಂಜಿನ್ನಿಗೆ ನಿಂತಲ್ಲಿಂದ ಭಾರ ಎಳೆಯುವ ತಾಕತ್ತು ಇಲ್ಲ, ನಡುವೆ ಏನಾದರೂ ಬೇಕು. ಒಂದು ದಾರಿ ಕರೆಂಟು ಮಾಡಿ ಮೋಟರಿಗೆ ಕೊಡುವುದು. ಇನ್ನೊಂದು ದಾರಿ ನಮ್ಮ ಎಣ್ಣೆಯ ಕನ್ವರ್ಟರ್. ಜರ್ಮನ್ನರ ಫೋಯ್ತ್ ಕಂಪನಿ ಎರಡು ಮೂರು ಕನ್ವರ್ಟರ್ ಜೋಡಿಸಿ, ವೇಗಕ್ಕೆ ತಕ್ಕಂತೆ ಒಂದರ ಎಣ್ಣೆ ಖಾಲಿ ಮಾಡಿ ಇನ್ನೊಂದನ್ನು ತುಂಬುವ ಪದ್ಧತಿ ಮಾಡಿತ್ತು. ಸೂರಿಯವರು ಹಿಡಿದದ್ದು ಬೇರೆ ಹಾದಿ: ಹೊರಡುವಾಗ ಎಣ್ಣೆ, ವೇಗ ಬಂದ ಮೇಲೆ ಎಣ್ಣೆಯನ್ನು ಬಿಟ್ಟು ನೇರ ಯಾಂತ್ರಿಕ ಜೋಡಣೆ. ಲೇಲ್ಯಾಂಡ್ ಡ್ರೈವರ್ ಲಿವರಿನಿಂದ ಮಾಡುತ್ತಿದ್ದ ಕೆಲಸವನ್ನು ನೂರಾರು ಟನ್ ಎಳೆಯುವ ರೈಲಿಗೆ ತಂದ ಹಾಗೆ ಅನ್ನಿ. ಇದಕ್ಕೆ ‘ಸೂರಿ ಟ್ರಾನ್ಸ್‌ಮಿಶನ್’ ಅಂತಲೇ ಹೆಸರಾಯಿತು. 1962ರಲ್ಲಿ ಅವರಿಗೆ ಇಂಜಿನಿಯರಿಂಗಿನ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಬಂತು. ಆಮೇಲೆ ದುರ್ಗಾಪುರದ ಕೇಂದ್ರ ಮೆಕ್ಯಾನಿಕಲ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ಸ್ವರಾಜ್ ಟ್ರ್ಯಾಕ್ಟರ್ ಕಂಡಿದ್ದೀರಲ್ಲ, ಅದು ಹುಟ್ಟಿದ್ದು ಆ ಸಂಸ್ಥೆಯಲ್ಲಿ, ಅವರ ಕಾಲದಲ್ಲಿ. ಇಷ್ಟು ಕೆಲಸ ಮಾಡಿದವರ ಹೆಸರು ನಮ್ಮ ಮಕ್ಕಳ ಯಾವ ಪಾಠದಲ್ಲೂ ನಾನು ಕಂಡಿಲ್ಲ.

ಈ ಸೂರಿ ಟ್ರಾನ್ಸ್‌ಮಿಶನ್ ತಯಾರಾದದ್ದು ಎಲ್ಲಿ? ಹಡಪಸರದ ಕಿರ್ಲೋಸ್ಕರ್ ನ್ಯೂಮ್ಯಾಟಿಕ್ ಕಾರ್ಖಾನೆಯಲ್ಲಿ! ಏರ್ ಕಂಪ್ರೆಸರ್ ಮಾಡಲೆಂದು 1958ರಲ್ಲಿ ಶುರುವಾದ ಕಂಪನಿ ಇದು. ಕಿರ್ಲೋಸ್ಕರ್ ಅಂದರೆ ಪುಣೆಯವರು ತಮ್ಮದು ಅಂತಾರೆ. ಅನ್ನಲಿ, ತಪ್ಪಲ್ಲ. ಆದರೆ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1888ರಲ್ಲಿ ಸೈಕಲ್ ಅಂಗಡಿ ಇಟ್ಟದ್ದು ಬೆಳಗಾವಿಯಲ್ಲಿ. 1910ರಲ್ಲಿ ಈ ಕಡೆ ಕಿರ್ಲೋಸ್ಕರವಾಡಿಗೆ ಬಂದರು. 1941ರಲ್ಲಿ ಅದೇ ಮನೆತನದ ಮೈಸೂರ್ ಕಿರ್ಲೋಸ್ಕರ್ ಹರಿಹರದಲ್ಲಿ ಎದ್ದಿತು. ಹೊಟ್ಟೆಪಾಡಿಗೆ ಘಟ್ಟದ ಈಚೆ ಬಂದವರು ನಾವಷ್ಟೇ ಅಲ್ಲ ಅಂತ ಸಮಾಧಾನ.

ಚಿತ್ತರಂಜನ್ ಕಾರ್ಖಾನೆಯಲ್ಲಿ 1960ರ ದಶಕದ ಕೊನೆಯಿಂದ 1990ರ ದಶಕದ ತನಕ ತಯಾರಾದ ಡಬ್ಲ್ಯೂಡಿಎಸ್-4 ಎಂಬ ಶಂಟಿಂಗ್ ಇಂಜಿನ್ನುಗಳಿಗೆ ಇಂಥ ಎಣ್ಣೆಯ ಟ್ರಾನ್ಸ್‌ಮಿಶನ್ನೇ. ಯಾರ್ಡಿನಲ್ಲಿ ಡಬ್ಬಿ ಎಳೆದಾಡುತ್ತಿದ್ದ, ಮೂತಿ ಉದ್ದದ ಆ ಚಿಕ್ಕ ಇಂಜಿನ್ನುಗಳನ್ನು ನೀವೂ ಕಂಡಿರಬಹುದು. ದೊಡ್ಡ ಲೈನಿನಲ್ಲಿ ಮಾತ್ರ ಕರೆಂಟಿನ ಹಾದಿಯೇ ಗೆದ್ದಿತು. 1962ರಲ್ಲಿ ಅಮೆರಿಕದ ಆಲ್ಕೋ ಇಂಜಿನ್ನು ಬಂತು, ಎರಡು ವರ್ಷಕ್ಕೆ ವಾರಾಣಸಿಯಲ್ಲಿ ಅದನ್ನೇ ಮಾಡಲು ಶುರುಮಾಡಿದರು. ಸೂರಿಯವರ ಯಂತ್ರಕ್ಕೆ ಯಾರ್ಡೇ ಗತಿಯಾಯಿತು. ಅದು ಕೆಟ್ಟದ್ದು ಅಂತ ಸೋತಿತು ಅನ್ನಲು ನನಗೆ ಮನಸ್ಸಿಲ್ಲ. ಸಾವಿರಗಟ್ಟಲೆ ಬರುವ ವಿದೇಶಿ ಡಿಸೈನಿನ ಎದುರು ಒಬ್ಬ ಮನುಷ್ಯನ ಪೇಟೆಂಟು ಎಷ್ಟು ದಿನ ನಿಲ್ಲುತ್ತದೆ?

ಇರಲಿ. 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದವು, ಕೆಲವೇ ತಿಂಗಳಲ್ಲಿ ಕಚ್ಚಾ ಎಣ್ಣೆ ಸುಮಾರು ನಾಲ್ಕು ಪಟ್ಟು ತುಟ್ಟಿ. 1975ರಲ್ಲಿ ಅಮೆರಿಕ ಮೈಲೇಜಿನ ಕಾನೂನು ತಂದಿತು, 1978ರ ಮಾಡೆಲ್‌ಗಳಿಂದ ಜಾರಿ. ಅದೇ 1978ರ ಮಾಡೆಲ್‌ಗಳಲ್ಲಿ ಕ್ರೈಸ್ಲರ್ ಲಾಕಪ್ ಹಾಕಿತು, ಜನರಲ್ ಮೋಟರ್ಸ್ 1980ಕ್ಕೆ. ಇಪ್ಪತ್ತು ವರ್ಷ ಬೇಡವಾಗಿದ್ದ ಮೂರು ಪರ್ಸೆಂಟು ಈಗ ಬಂಗಾರ!

ಅವಸರದಲ್ಲಿ ಬಂದದ್ದಕ್ಕೆ ಕಾಟವೂ ಇತ್ತು. ಎಣ್ಣೆಯನ್ನು ತಟ್ಟೆಯ ಕಡೆ ತಿರುಗಿಸಲು ಗೇರ್‌ಬಾಕ್ಸಿನೊಳಗೆ ಒಂದು ಸೊಲೆನಾಯ್ಡ್ ಇರುತ್ತದೆ, 12 ವೋಲ್ಟ್ ಕೊಟ್ಟರೆ ಲಾಕು, ತೆಗೆದರೆ ಬಿಡುಗಡೆ. 80ರ ದಶಕದ ಎಷ್ಟೋ ಅಮೆರಿಕನ್ ಕಾರುಗಳಲ್ಲಿ ಇದು ಸಿಕ್ಕಿಹಾಕಿಕೊಂಡು, ಸಿಗ್ನಲ್ಲಿಗೆ ನಿಲ್ಲಿಸಿದರೆ ಇಂಜಿನ್ನೇ ಬಂದ್ ಆಗುತ್ತಿತ್ತು. ಮೆಕ್ಯಾನಿಕ್‌ಗಳು ವೈರ್ ಕಿತ್ತು ಕಳಿಸುತ್ತಿದ್ದರು. ಅದೇ ವೈರಿಗೆ ಇನ್ನು ಕೆಲವರು ಸ್ವಿಚ್ ಹಾಕಿದರು. ಅಲ್ಲಿಗೆ ಲಿವರ್ರು ವಾಪಸು ಬಂತು ನೋಡಿ, ಬೆರಳ ತುದಿಯಷ್ಟಾಗಿ.

ನಮ್ಮ ಸೊಸೈಟಿಯಲ್ಲಿ ಗದಗ ಕಡೆಯ ನಿವೃತ್ತ ಕರ್ನಲ್ ಒಬ್ಬರಿದ್ದಾರೆ. ಅವರ ಹಳೇ ಇಂಪೋರ್ಟೆಡ್ ಡೀಸೆಲ್ ಆಟೋಮ್ಯಾಟಿಕ್ಕಿನಲ್ಲಿ ಇಂಥ ಸ್ವಿಚ್ ಇದೆ. ಮೈಲೇಜಿಗೇನ್ರೀ ಸಾಹೇಬ್ರ ಅಂತ ಕೇಳಿದೆ. “ಮೈಲೇಜ್ ಬಿಡ್ರಿ, ಬೋಪದೇವ ಘಾಟ್ ಇಳಿಯಾಕ ಬೇಕ್ರಿ” ಅಂದರು.

ಕೊಂಢವಾದಿಂದ ಸಾಸವಾಡಕ್ಕೆ ಹೋಗುವ ಈ ಘಾಟು ನಮ್ಮವರಿಗೆಲ್ಲ ಗೊತ್ತು. ಇಳಿಜಾರಿನಲ್ಲಿ ಕನ್ವರ್ಟರ್ ಬಿಚ್ಚಿಕೊಂಡಿದ್ದರೆ ಚಕ್ರದ ಬಲ ಎಣ್ಣೆಯಲ್ಲೇ ಜಾರಿ ಹೋಗುತ್ತದೆ, ಇಂಜಿನ್ ಗಾಡಿಯನ್ನು ಹಿಡಿಯುವುದಿಲ್ಲ, ಎಲ್ಲ ಭಾರ ಬ್ರೇಕಿನ ಮೇಲೆ. ಬ್ರೇಕು ಕಾದರೆ ಹಿಡಿತ ತಪ್ಪುತ್ತದೆ. ಲಾಕ್ ಆಗಿದ್ದರೆ ಚಕ್ರವೇ ಇಂಜಿನ್ನನ್ನು ತಿರುಗಿಸಬೇಕಾಗುತ್ತದೆ, ಗಾಡಿ ತಾನಾಗಿ ತಡೆದುಕೊಳ್ಳುತ್ತದೆ. ತಯಾರಕರ ಏರ್ಪಾಡಿನಲ್ಲಿ ಬಹಳಷ್ಟು ಹಳೇ ಗಾಡಿಗಳು ಆಕ್ಸಿಲರೇಟರ್ ಬಿಟ್ಟ ಕೂಡಲೇ, ಬ್ರೇಕ್ ಮುಟ್ಟಿದ ಕೂಡಲೇ ಲಾಕ್ ಬಿಡುತ್ತವೆ. ಊರೊಳಗೆ ಅದೇ ಸರಿ, ಇಲ್ಲದಿದ್ದರೆ ಪ್ರತಿ ಸಿಗ್ನಲ್ಲಿನಲ್ಲೂ ಇಂಜಿನ್ ಬಂದ್. ಘಾಟಿನಲ್ಲಿ ಅದೇ ತಪ್ಪು, ಬೇಕಾದ ಹೊತ್ತಿಗೇ ಹಿಡಿತ ಬಿಟ್ಟಂತೆ.

ಇಲ್ಲೇ ಇರುವುದು ಈ ಸ್ವಿಚ್ಚಿನ ಕಷ್ಟ. ಸುರಕ್ಷಿತ ಅಂತ ಬ್ರೇಕ್ ಪೆಡಲಿನ ವೈರ್ ಮೂಲಕ ಕರೆಂಟ್ ಕೊಟ್ಟರೆ, ಬ್ರೇಕ್ ಒತ್ತಿದಾಗಲೆಲ್ಲ ಲಾಕ್ ಹೋಗುತ್ತದೆ, ಘಾಟಿಗೆ ಅರ್ಧ ಉಪಯೋಗ. ಅದನ್ನು ತಪ್ಪಿಸಿ ನೇರ ಕೊಟ್ಟರೆ, ತಿರುವಿನಲ್ಲಿ ದನ ಅಡ್ಡ ಬಂದು ಗಕ್ಕನೆ ನಿಲ್ಲಿಸಿದಾಗ ಇಂಜಿನ್ ಬಂದ್. ಜೊತೆಗೆ ಪವರ್ ಸ್ಟೀರಿಂಗೂ ಬಿಗಿ, ಬ್ರೇಕಿನ ಬೂಸ್ಟರೂ ಬೇಗನೆ ಖಾಲಿ. ಕರ್ನಲ್ ಸಾಹೇಬರು ಎರಡರ ನಡುವೆ ಒಂದು ಮಾಡ್ಯೂಲ್ ಹಾಕಿಸಿದ್ದಾರೆ, ಬ್ರೇಕ್ ಒತ್ತಿದರೂ ಲಾಕ್ ಇರುತ್ತದೆ, ಗಾಡಿ ತೀರಾ ನಿಧಾನವಾದಾಗ ಬಿಡುತ್ತದೆ. ಫ್ಯೂಸ್ ಬೇರೆ, ಕೆಂಪು ದೀಪ ಬೇರೆ. ಪೂರ್ತಿ ಭಾರ ಹೊತ್ತು ಏರು ಹತ್ತುವಾಗ ಮಾತ್ರ ಅವರು ಅದನ್ನು ಮುಟ್ಟುವುದಿಲ್ಲ, ತಟ್ಟೆ ಜಾರಿ ಸುಟ್ಟುಹೋದರೆ ಗೇರ್‌ಬಾಕ್ಸ್ ಪೂರ್ತಿ ಇಳಿಸಬೇಕು. ಇಷ್ಟು ಶಿಸ್ತು ಇಲ್ಲದವರು ಇದರ ಗೋಜಿಗೆ ಹೋಗದಿರುವುದೇ ವಾಸಿ ಅಂತ ನನ್ನ ಅಭಿಪ್ರಾಯ. ನಮ್ಮಲ್ಲಿ ಹಾರ್ನಿಗೇ ಎರಡು ಸ್ವಿಚ್ ಹಾಕಿ ಬೆಂಕಿ ಹಚ್ಚಿಕೊಳ್ಳುವ ಗಾಡಿಗಳಿವೆ.

ಈಚಿನ ಗಾಡಿಗಳಿಗೆ ಇದರ ಅಗತ್ಯವೂ ಕಡಿಮೆ. ಕಂಪ್ಯೂಟರ್ ಬಂದ ಮೇಲೆ ಲಾಕಪ್ ಕೆಳಗಿನ ಗೇರುಗಳಲ್ಲೂ ಬೀಳುತ್ತದೆ, ಅರ್ಧಂಬರ್ಧ ಜಾರಿಸಿ ಹಿಡಿಯುವುದೂ ಅದಕ್ಕೆ ಗೊತ್ತು. ಹೊರಗಿನಿಂದ ವೈರ್ ಎಳೆದರೆ ಎಚ್ಚರಿಕೆಯ ದೀಪ ಹತ್ತಿಸಿ ಕೂರುತ್ತದೆ, ವಾರಂಟಿಯೂ ಹೋಗುತ್ತದೆ. 2014ರಿಂದ ನಮ್ಮಲ್ಲಿ ಚಿಕ್ಕ ಕಾರುಗಳಿಗೆ ಬಂದ ಎಎಂಟಿಯಲ್ಲಿ ಕನ್ವರ್ಟರೇ ಇಲ್ಲ, ಅದು ಮಾಮೂಲಿ ಕ್ಲಚ್ಚನ್ನೇ ಯಂತ್ರ ಒತ್ತುವ ಏರ್ಪಾಡು. ಶೋರೂಮಿನವರು ಎರಡನ್ನೂ ‘ಆಟೋಮ್ಯಾಟಿಕ್’ ಅಂತಲೇ ಮಾರುತ್ತಾರೆ, ಕೇಳಿ ತಗೊಳ್ಳಿ.

ಹಡಪಸರದ ಆಚೆ ಭೇಕರಾಯಿನಗರ ಡಿಪೋದಿಂದ 2019ರಲ್ಲಿ ಪಿಎಂಪಿಎಂಎಲ್‌ನ ಕರೆಂಟಿನ ಬಸ್ಸು ಹೊರಟವು. ಸೂರಿ ಟ್ರಾನ್ಸ್‌ಮಿಶನ್ ಮಾಡುತ್ತಿದ್ದ ಕಾರ್ಖಾನೆಗೆ ಅದೇನು ದೂರವಲ್ಲ. ಆ ಬಸ್ಸುಗಳ ಮೋಟರು ನಿಂತಲ್ಲಿಂದಲೇ ಪೂರ್ತಿ ಬಲ ಕೊಡುತ್ತದೆ, ನಡುವೆ ಎಣ್ಣೆಯ ಡಬ್ಬಿ ಬೇಡ. ಇಳಿಜಾರಿನಲ್ಲಿ ಅದೇ ಮೋಟರು ತಿರುಗುಮುರುಗಾಗಿ ಗಾಡಿ ತಡೆಯುತ್ತದೆ, ಬ್ಯಾಟರಿಗೆ ಒಂದಿಷ್ಟು ಜಮೆಯೂ ಮಾಡುತ್ತದೆ.