ರಾಗಿ ಕಾಳು, ಹತ್ತಿ ಎಳೆ: ಎರಡರಲ್ಲೂ ಗ್ಲೂಕೋಸ್

ಈ ಪೆಟ್ಟಿಗೆಯಲ್ಲಿ ಒಂದು ಹಿಡಿ ರಾಗಿ, ಪಕ್ಕದಲ್ಲಿ ಬಿಡಿಸಿದ ಹತ್ತಿ. ಒಂದು ಹೊಟ್ಟೆಗೆ, ಇನ್ನೊಂದು ಮೈಗೆ. ರಾಗಿಯ ಪಿಷ್ಟವನ್ನೂ ಹತ್ತಿಯ ಸೆಲ್ಯುಲೋಸನ್ನೂ ಪೂರ್ತಿ ಒಡೆದರೆ ಸಿಗುವುದು ಒಂದೇ ಸಕ್ಕರೆ, ಗ್ಲೂಕೋಸ್. ಅದರ ಅಣುವಿನಲ್ಲಿ 6 ಇಂಗಾಲ, 12 ಜಲಜನಕ, 6 ಆಮ್ಲಜನಕದ ಪರಮಾಣುಗಳಿವೆ.

ವ್ಯತ್ಯಾಸವೆಲ್ಲ ಗ್ಲೂಕೋಸ್ ಅಣುಗಳನ್ನು ಸರಪಳಿಯಾಗಿ ಜೋಡಿಸುವ ಕೊಂಡಿಯಲ್ಲಿ. ಪಿಷ್ಟದ್ದು ಆಲ್ಫಾ ಕೊಂಡಿ. ಸರಪಳಿ ಸುರುಳಿ ಸುತ್ತಿಕೊಳ್ಳುತ್ತದೆ. ಆರಿದ ರಾಗಿ ಗಂಜಿಗೆ ಒಂದು ತೊಟ್ಟು ಅಯೋಡಿನ್ ದ್ರಾವಣ ಬಿಟ್ಟರೆ ಅದು ಆ ಸುರುಳಿಯೊಳಗೆ ಸೇರಿಕೊಂಡು ಗಂಜಿ ಕಡುನೀಲಿಗೆ ತಿರುಗುತ್ತದೆ. ನಮ್ಮ ಜೊಲ್ಲಿನ ಅಮೈಲೇಸ್ ಕಿಣ್ವ ಈ ಕೊಂಡಿಯನ್ನು ಬಾಯಲ್ಲೇ ಕತ್ತರಿಸತೊಡಗುತ್ತದೆ. ರೊಟ್ಟಿಯನ್ನು ತುಸು ಹೊತ್ತು ಅಗಿದರೆ ಸಿಹಿ ಎನಿಸುವುದು ಅದಕ್ಕೇ.

ಸೆಲ್ಯುಲೋಸಿನದು ಬೀಟಾ ಕೊಂಡಿ. ಸರಪಳಿಗಳು ನೆಟ್ಟಗೆ ಚಾಚಿ, ಹೈಡ್ರೋಜನ್ ಬಂಧಗಳಿಂದ ಒಂದಕ್ಕೊಂದು ಬಿಗಿದುಕೊಂಡು ಗಟ್ಟಿ ನಾರಾಗುತ್ತವೆ. ಮರ ನೆಟ್ಟಗೆ ನಿಲ್ಲುವುದರಲ್ಲಿ ಇದರ ಪಾಲು ದೊಡ್ಡದು. ಇದನ್ನು ಜೀರ್ಣಿಸುವ ಕಿಣ್ವ ನಮ್ಮ ಮೈಯಲ್ಲಿ ತಯಾರಾಗುವುದಿಲ್ಲ. ಹಸುವಿನಲ್ಲೂ ಇಲ್ಲ, ಅದು ತಿಂದ ಹುಲ್ಲನ್ನು ಒಡೆಯುವವು ಅದರ ಹೊಟ್ಟೆಯ ದೊಡ್ಡ ಚೀಲದಲ್ಲಿ ಬೀಡುಬಿಟ್ಟ ಸೂಕ್ಷ್ಮಜೀವಿಗಳು. ಕೊಂಡಿಯ ಒಂದು ತಿರುವು ಅನ್ನವನ್ನೂ ಕಟ್ಟಿಗೆಯನ್ನೂ ಬೇರೆ ಮಾಡುವುದು ನಿಜಕ್ಕೂ ಬೆರಗು.

ಸಕ್ಕರೆಯ ಕೆಲಸ ಇಷ್ಟಕ್ಕೇ ಮುಗಿಯುವುದಿಲ್ಲ. ನಾವು ಗ್ಲೂಕೋಸನ್ನು ಯಕೃತ್ತು, ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಸರಪಳಿಯಾಗಿ ಕೂಡಿಡುತ್ತೇವೆ. ಏಡಿಯ ಚಿಪ್ಪಿನಲ್ಲಿ, ಅಣಬೆಯ ಕೋಶಭಿತ್ತಿಯಲ್ಲಿ ಕೈಟಿನ್ ಎಂಬ ಸಕ್ಕರೆ ಸರಪಳಿ ಇದೆ. ಡಿಎನ್‌ಎ ಎಳೆಯಲ್ಲಿ ಡಿಆಕ್ಸಿರೈಬೋಸ್ ಎಂಬ ಸಕ್ಕರೆ. ಇನ್ನು ಎ ಮತ್ತು ಬಿ ರಕ್ತದ ಗುಂಪುಗಳನ್ನು ಬೇರ್ಪಡಿಸುವುದು ಕೆಂಪು ರಕ್ತಕಣದ ಮೇಲಿನ ಸಕ್ಕರೆ ಸರಪಳಿಯ ತುದಿಯಲ್ಲಿರುವ ಒಂದೇ ಒಂದು ಸಕ್ಕರೆ.