ಉದ್ಯಮದ ಉದ್ದೇಶ ಮತ್ತು ಮೂಲ ಕಾರ್ಯಗಳು: ಮೈಸೂರು ಗಂಧದ ಸಾಬೂನಿನ ನಿದರ್ಶನ

ತಣಿಸಂದ್ರದ ಹೆಸರಿನ ಕೊನೆಯಲ್ಲಿರುವ ‘ಸಂದ್ರ’ವು ‘ಸಮುದ್ರ’ ಶಬ್ದದ ತದ್ಭವ; ಅದು ಕೆರೆಯನ್ನು ಸೂಚಿಸುತ್ತದೆ. ಕೆರೆಯ ಹೆಸರನ್ನು ಹೊತ್ತ ಈ ಊರಿನ ಮಗ್ಗುಲಿನಲ್ಲಿಯೇ, ನಾಗವಾರದ ಮಾನ್ಯತಾ ಟೆಕ್ ಪಾರ್ಕಿನಲ್ಲಿ, ಇಂದು ದೇಶವಿದೇಶಗಳ ಕಂಪನಿಗಳು ನೆಲೆಸಿವೆ. ನಮ್ಮ ಪದವೀಧರರಲ್ಲಿ ಅನೇಕರು ಇಂತಹ ಕಂಪನಿಗಳಲ್ಲಿ ದುಡಿಯುವವರು. ಆದರೂ ಉದ್ಯಮವೊಂದು ಇರುವುದು ಏತಕ್ಕೆ ಎಂದು ಕೇಳಿದರೆ ‘ಲಾಭಕ್ಕೆ’ ಎಂಬ ಒಂದೇ ಮಾತಿನ ಉತ್ತರ ದೊರೆಯುವುದು ವಾಡಿಕೆ. ಈ ಉತ್ತರ ಎಷ್ಟರಮಟ್ಟಿಗೆ ಸಾಲುತ್ತದೆಂಬುದನ್ನು ನಮ್ಮ ನಾಡಿನ ಒಂದು ಉದ್ಯಮದ ಚರಿತ್ರೆಯ ಮೂಲಕ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಆಡಳಿತ ಚಿಂತಕನಾದ ಪೀಟರ್ ಡ್ರಕರನು 1954ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡನು. ಅವನ ಮತದಂತೆ ಗಿರಾಕಿಯನ್ನು ಸೃಷ್ಟಿಸುವುದು ಉದ್ಯಮದ ಉದ್ದೇಶ. ಮಾರುಕಟ್ಟೆಯನ್ನು ಬೆಳೆಸುವುದು ಮತ್ತು ಹೊಸತನ್ನು ಸಾಧಿಸುವುದು ಇವೆರಡೇ ಅದರ ಮೂಲ ಕಾರ್ಯಗಳು. ಲಾಭವು ಆ ಕಾರ್ಯಗಳು ನೆಟ್ಟಗೆ ನಡೆದಿವೆಯೆ ಎಂಬುದಕ್ಕೆ ಒರೆಗಲ್ಲು. ಈ ಸೂತ್ರ ಹುಟ್ಟುವುದಕ್ಕೆ ಸುಮಾರು ನಾಲ್ಕು ದಶಕಗಳ ಮೊದಲೇ ಮೈಸೂರು ಸಂಸ್ಥಾನದಲ್ಲಿ ಅದರ ಪ್ರಯೋಗ ನಡೆದಿತ್ತೆಂದು ನಾವು ಹೇಳಬಹುದು.

ಟೀಪು ಸುಲ್ತಾನನು 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಮುಂದೆ ಬಂದ ಸರ್ಕಾರಗಳೂ ಈ ಏಕಸ್ವಾಮ್ಯವನ್ನು ಉಳಿಸಿಕೊಂಡವು. ಮರವನ್ನು ಬೇರುಸಹಿತ ಕಿತ್ತು, ಚೇಗನ್ನು ಬೇರ್ಪಡಿಸಿ, ಹರಾಜಿನಲ್ಲಿ ಮಾರುವುದು ಕ್ರಮವಾಗಿತ್ತು. ಮರದ ಬಹುಭಾಗ ಯೂರೋಪಿಗೆ, ವಿಶೇಷವಾಗಿ ಜರ್ಮನಿಗೆ, ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಬೊಕ್ಕಸಕ್ಕೆ ಆದಾಯವೇನೋ ಬರುತ್ತಿತ್ತು. ಆದರೆ ಸರ್ಕಾರಕ್ಕೆ ಇದ್ದವರು ಕೊಳ್ಳುವವರೇ ಹೊರತು ಗಿರಾಕಿಗಳಲ್ಲ; ಗಂಧದ ಪರಿಮಳವನ್ನು ಕಟ್ಟಕಡೆಗೆ ಬಳಸುವವನು ಯಾರೆಂಬುದು ಮಾರುವವನ ಚಿಂತೆಯಾಗಿರಲಿಲ್ಲ. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಗಿ ಈ ವ್ಯಾಪಾರ ಕಡಿದುಬಿದ್ದಾಗ ಆ ವ್ಯವಸ್ಥೆಯ ದೌರ್ಬಲ್ಯ ಬಯಲಾಯಿತು.

ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ದಿವಾನರಾಗಿದ್ದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಅವರ ನೆರವಿನಿಂದ ಎಣ್ಣೆಯನ್ನು ಇಲ್ಲಿಯೇ ಬಟ್ಟಿ ಇಳಿಸುವ ವಿಧಾನ ಸಿದ್ಧವಾಗಿ, 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಎಣ್ಣೆಯ ಕಾರ್ಖಾನೆಗಳು ಸ್ಥಾಪಿತವಾದವು. ಹೊಸತನ್ನು ಸಾಧಿಸುವ ಕಾರ್ಯದ ಮೊದಲ ಹಂತ ಇದು. ಆದರೆ ಎಣ್ಣೆಯನ್ನು ಕೊಳ್ಳುವವರೂ ಬಹುಮಟ್ಟಿಗೆ ಹೊರನಾಡಿನ ತಯಾರಕರೇ. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಿ ಸಾಬೂನಿನ ತಂತ್ರವನ್ನು ಕಲಿಸಿ, 1918ರಲ್ಲಿ ಗಂಧದ ಸಾಬೂನನ್ನು ಹೊರತಂದುದು ಎರಡನೆಯ ಹಂತ. ಅಂಡಾಕಾರದ ಬಿಲ್ಲೆ, ಒಡವೆಯ ಕರಡಿಗೆಯನ್ನು ಹೋಲುವ ಪೆಟ್ಟಿಗೆ, ಸಿಂಹದೇಹಕ್ಕೆ ಗಜಮುಖವಿರುವ ಶರಭದ ಲಾಂಛನ, ಇವುಗಳಿಂದ ಅದು ಜನರ ಕಣ್ಣಿಗೆ ಪರಿಚಿತವಾಯಿತು. ಹರಾಜಿನ ಕಟ್ಟೆಯಲ್ಲಿ ನಿಲ್ಲುತ್ತಿದ್ದ ಕೆಲವೇ ವರ್ತಕರ ಸ್ಥಾನದಲ್ಲಿ ಈಗ ಸ್ನಾನದ ಮನೆಯ ಗಿರಾಕಿ ಹುಟ್ಟಿದನು. ಸಾಬೂನಿನ ಕಾರ್ಖಾನೆಯು 1957ರಲ್ಲಿ ಯಶವಂತಪುರದ ಬಳಿಗೆ ಸ್ಥಳಾಂತರಗೊಂಡಿತು. 1980ರಲ್ಲಿ ಎಣ್ಣೆ ಹಾಗೂ ಸಾಬೂನಿನ ಘಟಕಗಳು ಒಂದುಗೂಡಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಗಮವಾದವು. ಅದರ ಸಮೀಪದ ಮೆಟ್ರೋ ನಿಲ್ದಾಣಕ್ಕೂ ಆ ಕಾರ್ಖಾನೆಯ ಹೆಸರೇ ಸಂದಿದೆ.

ಇಲ್ಲಿಯವರೆಗಿನ ಚರಿತ್ರೆ ಡ್ರಕರನ ಸೂತ್ರವನ್ನು ಸಮರ್ಥಿಸುತ್ತದೆ. ಆದರೆ ವಿಷಯಕ್ಕೆ ಇನ್ನೊಂದು ಮುಖವಿದೆ. ಗಿರಾಕಿಯನ್ನು ಇಷ್ಟು ಜಾಣ್ಮೆಯಿಂದ ಸೃಷ್ಟಿಸಿದ ವ್ಯವಸ್ಥೆಯು ಬೆಳೆಗಾರನನ್ನು ಸೃಷ್ಟಿಸಲಿಲ್ಲ. ಗಂಧದ ಮರವು ರೈತನ ಹೊಲದಲ್ಲಿಯೇ ಹುಟ್ಟಿದರೂ ಅದರ ಒಡೆತನ ಸರ್ಕಾರದ್ದಾಗಿತ್ತು. ಕಾಯುವ ಹೊಣೆ ರೈತನದು, ಕಡಿಯುವ ಹಕ್ಕು ಅವನದಲ್ಲ. ಚೇಗು ಬಲಿಯಲು ಹತ್ತಾರು ವರ್ಷಗಳು ಬೇಕಾಗುವ, ತನ್ನದೆನ್ನಲಾಗದ ಮರವನ್ನು ಯಾವನು ತಾನೇ ನೆಟ್ಟಾನು? 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಲ್ಪಟ್ಟ ಸ್ಪೈಕ್ ರೋಗವೂ ಕಳ್ಳಸಾಗಣೆಯೂ ಇದಕ್ಕೆ ಸೇರಿ, ಗಂಧದ ನಾಡಿನಲ್ಲಿ ಗಂಧವೇ ವಿರಳವಾಯಿತು. 2001ರಲ್ಲಿ ಕರ್ನಾಟಕದ ಅರಣ್ಯ ಕಾಯಿದೆಗೆ ತಿದ್ದುಪಡಿಯಾದ ಮೇಲೆಯೇ ಬೆಳೆದವನು ಮರದ ಒಡೆಯನಾದನು. ಅಷ್ಟರಲ್ಲಿ ಟೀಪುವಿನ ಘೋಷಣೆಯಿಂದ ಎರಡು ಶತಮಾನಗಳು ಕಳೆದಿದ್ದವು.

ಏಕಸ್ವಾಮ್ಯವಿರದಿದ್ದರೆ ಮರಗಳು ಇನ್ನೂ ಮೊದಲೇ ನಾಶವಾಗುತ್ತಿದ್ದವೆಂದು ಕೆಲವರು ಆಕ್ಷೇಪಿಸಬಹುದು. ಕಾಡಿನ ಮರಗಳ ಮಟ್ಟಿಗೆ ಈ ವಾದದಲ್ಲಿ ಹುರುಳಿದೆ. ಆದರೆ ಇರುವುದನ್ನು ಕಾಯುವುದು ಬೇರೆ, ಮುಂದಿನದನ್ನು ಬೆಳೆಸುವುದು ಬೇರೆ. ಕಾವಲಿನಿಂದ ಮೊದಲನೆಯದು ಸಾಧ್ಯ. ಎರಡನೆಯದಕ್ಕೆ ಬೆಳೆಯುವವನ ಸ್ವಹಿತವೇ ಬೇಕು.

ಆದುದರಿಂದ ಮೇಲಿನ ಎರಡು ಕಾರ್ಯಗಳಿಗೆ ಮೂರನೆಯದೊಂದನ್ನು ಸೇರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ: ತನ್ನ ಮೂಲವಸ್ತುವನ್ನೂ ಅದನ್ನು ಬೆಳೆಯುವವನನ್ನೂ ಉಳಿಸಿಕೊಳ್ಳುವುದು. ಗಿರಾಕಿಯಿಲ್ಲದ ಉದ್ಯಮಕ್ಕೆ ಒದಗುವ ಗತಿಯನ್ನು 1914 ತೋರಿಸಿತು. ಬೆಳೆಗಾರನನ್ನು ಮರೆತ ಉದ್ಯಮದ ಗತಿಯನ್ನು ಆ ಬಳಿಕದ ದಶಕಗಳು ತೋರಿಸಿದವು. ಇವೆರಡನ್ನೂ ಒಂದೇ ಚರಿತ್ರೆಯಲ್ಲಿ ಕಾಣಿಸುವುದರಿಂದಲೇ ಈ ನಿದರ್ಶನ ಅರ್ಥಶಾಸ್ತ್ರದ ವಿದ್ಯಾರ್ಥಿಗೂ ಇತಿಹಾಸದ ವಿದ್ಯಾರ್ಥಿಗೂ ಸಮಾನವಾಗಿ ಅಭ್ಯಾಸಯೋಗ್ಯವಾಗಿದೆ.